ಟೀವಿಗೆ ಹೊಲಿದ ಪರದೆ

ನಾನು ರವಿಕೆ ಹೊಲಿಯುವವಳು. ದಿಂಬಿಗೆ ಚೀಲ, ಹೆಣ್ಣುಮಕ್ಕಳಿಗೆ ಲಂಗ, ಒಮ್ಮೆ ಪಕ್ಕದ ಮನೆಯಾಕೆಯ ಹಟಕ್ಕೆ ಮಿಕ್ಸಿಗೂ ಒಂದು ಅಂಗಿ ಹೊಲಿದುಕೊಟ್ಟಿದ್ದೇನೆ. ಆದರೆ ಸರ್ಕಾರದ ಟೀವಿಗೆ ಪರದೆ ಹೊಲಿದುಕೊಟ್ಟು, ಅದರ ದೆಸೆಯಿಂದ ಕಟ್ಟಿಕೊಂಡ ಗಂಡನನ್ನೇ ವಿಚಾರಣೆಗೆ ನಿಲ್ಲಿಸಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಊರಿನವರು ಈ ಕಥೆಯನ್ನು ಅವರವರಿಗೆ ಬೇಕಾದ ಹಾಗೆ ಕತ್ತರಿಸಿ ಹೊಲಿದುಕೊಂಡಿದ್ದಾರೆ. ಒಬ್ಬರ ಕಥೆಯಲ್ಲಿ ನಮ್ಮನೆಯವರು ನಾಸ್ತಿಕ, ಇನ್ನೊಬ್ಬರ ಕಥೆಯಲ್ಲಿ ಟೀವಿಗೆ ಪೂಜೆ ಮಾಡಿದ ಹುಚ್ಚ. ಎರಡೂ ಅಳತೆ ತಪ್ಪಿದ ರವಿಕೆಗಳು. ಸರಿಯಾದ ಅಳತೆ ನನ್ನ ಹತ್ತಿರ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮನೆಯವರದು ತೂಕ ಮತ್ತು ಅಳತೆಯ ಇಲಾಖೆ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೋ, ತೂಕದ ಕಲ್ಲು ಸರಿಯಿದೆಯೋ ನೋಡಿ ಮುದ್ರೆ ಒತ್ತುವ ಕೆಲಸ. ಪೇಟೆಯಲ್ಲಿ ಎಲ್ಲರೂ ಕರೆಯುವುದು ‘ತಕ್ಕಡಿ ಸಾರ್’ ಅಂತಲೇ. ಇವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯ ಅಂಗಡಿಯವರು ತಕ್ಕಡಿಯ ಅಡಿಗೆ ಅಂಟಿಸಿದ್ದನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲೂ ಅದೇ ಬುದ್ಧಿ. ನಾನು ತಂದ ತರಕಾರಿ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ, "ಮತ್ತೆ ಮೋಸ ಹೋಗಿದೀಯ" ಅನ್ನುವರು. ಮದುವೆಯ ದಿನ ನನ್ನ ಕೈ ಹಿಡಿದಾಗಲೂ ಒಂದು ಗಳಿಗೆ ಹಾಗೇ ಎತ್ತಿ ನೋಡಿದ್ದರು. ಮೋಸವಿಲ್ಲ ಅನ್ನಿಸಿರಬೇಕು, ಈವರೆಗೆ ವಾಪಸು ಮಾಡಿಲ್ಲ.

ಇಂಥ ಲೆಕ್ಕದ ಮನುಷ್ಯನಿಗೆ ಲೆಕ್ಕಕ್ಕೆ ಸಿಗದ ಅಭ್ಯಾಸ ಒಂದೇ ಒಂದಿತ್ತು. ಸಂಜೆ ಕಚೇರಿ ಬಿಟ್ಟವರೇ ಪೇಟೆಯ ನಡುವಿನ ದೇವಸ್ಥಾನಕ್ಕೆ ಹೋಗುವರು. ಅಲ್ಲಿ ನೈವೇದ್ಯದ ಹೊತ್ತಿಗೆ ಅರ್ಚಕರು ಗರ್ಭಗುಡಿಯ ಬಾಗಿಲಿಗೆ ಪರದೆ ಎಳೆಯುತ್ತಾರೆ. ದೇವರು ಊಟ ಮಾಡುವುದನ್ನು ಯಾರೂ ನೋಡಬಾರದು. ಪರದೆ ಮತ್ತೆ ಸರಿಯುವ ತನಕ ಜನ ಆಕಳಿಸುತ್ತಾರೆ, ಫೋನು ನೋಡುತ್ತಾರೆ, ಸಾಲಿನಲ್ಲಿ ಮುಂದೆ ನುಗ್ಗಲು ಸಂದಿ ಹುಡುಕುತ್ತಾರೆ. ಇವರು ಮಾತ್ರ ಎಡಗಡೆಯ ಮೂಲೆಯ ಕಂಬಕ್ಕೆ ಹೆಗಲು ತಾಗಿಸಿ, ಕೈಮುಗಿದು, ಮುಚ್ಚಿದ ಪರದೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಪರದೆ ತೆರೆದು ಜನ ಆರತಿಗೆ ಮುಗಿಬೀಳುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದಾಗಿರುತ್ತಿತ್ತು.

ಅದು ನಮ್ಮತ್ತೆ ಕಲಿಸಿದ ಪಾಠ. ಇವರು ಚಿಕ್ಕವರಿದ್ದಾಗ ಅದೇ ಕಂಬದ ಪಕ್ಕ ನಿಲ್ಲಿಸಿಕೊಂಡು ಹೇಳಿದ್ದರಂತೆ: "ಏನೂ ಬೇಡ್ಕೋಬೇಡ ಕಣೋ. ಬರೋರೆಲ್ಲ ಕೊಡು ಕೊಡು ಅಂತಾನೇ ಇರ್ತಾರೆ. ಊಟ ಆಯ್ತಾ ಅಂತ ಕೇಳೋರು ಅವನಿಗೆ ಒಬ್ಬರೂ ಇಲ್ಲ. ನೀನು ಅಷ್ಟು ಕೇಳ್ಕೊಂಡು ಬಾ."

ಮಂಡಿ ನೋವು ಹೆಚ್ಚಾಗಿ ಅತ್ತೆ ದೇವಸ್ಥಾನದ ಮೆಟ್ಟಿಲು ಹತ್ತುವುದು ನಿಂತ ಮೇಲಂತೂ ದಿನಾ ಸಂಜೆ ತಾಯಿ ಮಗನ ನಡುವೆ ಇದೇ ಮಾತು. ಇವರು ಹೊಸಿಲು ದಾಟುವಷ್ಟರಲ್ಲೇ ಅತ್ತೆ ಮಂಚದ ಮೇಲಿಂದ ಕೇಳುವರು, "ಸ್ವಾಮಿದು ಊಟ ಆಯ್ತೇನೋ?"

"ಆಯ್ತಂತಮ್ಮ. ನಿನ್ನದಾಯ್ತಾ ಅಂತ ಕೇಳಿದ."

ಅತ್ತೆ ನಗುವರು, ನಾನು ತಟ್ಟೆ ಹಾಕುವೆ. ಹೊಸದಾಗಿ ಈ ಮನೆಗೆ ಬಂದಾಗ ನಾನು ಈ ಸ್ವಾಮಿ ಯಾರೋ ಹತ್ತಿರದ ನೆಂಟರೇ ಇರಬೇಕು, ಮದುವೆಗೆ ಯಾಕೆ ಬರಲಿಲ್ಲವೋ ಅಂದುಕೊಂಡಿದ್ದೆ.

ಇನ್ನು ದೇವಸ್ಥಾನದ ವಿಷಯ. ಮೊದಲು ಅದು ಒಂದು ಮನೆತನದ ಕೈಯಲ್ಲಿತ್ತು. ದೇವರ ಬೆಳ್ಳಿ ಕವಚ ತೆಳ್ಳಗಾದಷ್ಟೂ ಆ ಮನೆಯ ಸೊಸೆಯರ ಡಾಬು ದಪ್ಪಗಾಗುತ್ತ ಹೋಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಊರಿನವರೇ ಹೋಗಿ ಸರ್ಕಾರದ ಬಾಗಿಲು ತಟ್ಟಿದರು. ಸರ್ಕಾರ ಬಂತು. ಅದು ಬರುವುದು ತಡ, ಬಂದರೆ ಹೋಗುವ ಪೈಕಿ ಅಲ್ಲ. ಕಾನೂನಿನ ಕಣ್ಣಿಗೆ ದೇವರು ವಯಸ್ಸಿಗೆ ಬಾರದ ಮಗುವಿನ ಹಾಗೆ, ಹಾಗಾಗಿ ಸರ್ಕಾರವೇ ಪೋಷಕರ ಸ್ಥಾನದಲ್ಲಿ ನಿಂತಿದೆ ಎಂದು ಪಕ್ಕದ ಬೀದಿಯ ವಕೀಲರು ಒಂದು ದಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ವಿವರಿಸಿದರು.

ಅತ್ತೆ ಪೂರ್ತಿ ಕೇಳಿಸಿಕೊಂಡು, "ಲೋಕ ಹುಟ್ಟಿಸಿದೋನು ಮಗು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದೋರು ಅಪ್ಪ ಅಮ್ಮ. ಇರಲಿ ಬಿಡಿ, ಹೊತ್ತು ಹೊತ್ತಿಗೆ ಊಟ ಹಾಕ್ತಾರೆ ತಾನೇ?" ಅಂದರು.

ಹಾಕುತ್ತಿದ್ದರು, ಸುಳ್ಳು ಹೇಳಬಾರದು. ಕವಚ ತೆಳ್ಳಗಾಗುವುದು ನಿಂತಿತು, ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಬಂತು, ಕುಡಿಯುವ ನೀರು ಬಂತು. ಜೊತೆಗೆ ಬೋರ್ಡುಗಳೂ ಬಂದವು. ಇಲ್ಲಿ ನಿಲ್ಲಬಾರದು, ಅಲ್ಲಿ ಕೂರಬಾರದು, ಕೈಮುಗಿದ ಕೂಡಲೇ ಮುಂದೆ ಸಾಗತಕ್ಕದ್ದು. ದೇವರ ಮುಂದೆ ನಿಂತು ಏನಾದರೂ ನೆನಪಿಸಿಕೊಳ್ಳುವಷ್ಟರಲ್ಲಿ ಜವಾನ ಬೆನ್ನಿಗೆ ಕೈ ಹಾಕಿ ದಬ್ಬುವುದೂ ಶುರುವಾಯಿತು.

ಅಲ್ಲಿದ್ದ ಅಧಿಕಾರಿಗೆ ವರ್ಗವಾದಾಗ ಮೇಲಿನವರಿಗೆ ತುರ್ತಾಗಿ ಒಬ್ಬ ಮನುಷ್ಯ ಬೇಕಾಯಿತು. ಯಾರೋ ಪುಣ್ಯಾತ್ಮರು, "ತಕ್ಕಡಿ ಸಾರ್ ಹೇಗೂ ದಿನಾ ಹೋಗ್ತಾರಲ್ಲ, ಅವರನ್ನೇ ಹಾಕಿ" ಅಂದರಂತೆ. ದಿನಾ ಆಸ್ಪತ್ರೆಗೆ ಹೋಗುವವನನ್ನು ಹಿಡಿದು ಡಾಕ್ಟರು ಮಾಡಿದ ಹಾಗೆ, ಇವರನ್ನು ಎರವಲು ಪಡೆದು ದೇವಸ್ಥಾನದ ಅಧಿಕಾರಿ ಮಾಡಿಬಿಟ್ಟರು. ಗಲಾಟೆಯಿಲ್ಲದೆ ನಡೆಸಿಕೊಂಡು ಹೋದರೆ ಬಡ್ತಿ ಖಾಯಂ ಎಂಬ ಆಸೆಯನ್ನೂ ತೋರಿಸಿದರು. ಅತ್ತೆಗೆ ಹಿಡಿಸಲಾರದಷ್ಟು ಸಂತೋಷ. "ಇನ್ಮೇಲೆ ಊಟ ಆಯ್ತಾ ಅಂತ ಕೇಳೋದಲ್ಲ, ನೀನೇ ಮುಂದೆ ನಿಂತು ಬಡಿಸೋದು" ಅಂದರು. ನಾನು ಇವರಿಗೆ ಹೊಸದೊಂದು ಬಿಳಿ ಅಂಗಿ ಹೊಲಿದುಕೊಟ್ಟೆ.

ಆ ಬಿಳಿ ಅಂಗಿ ಮಾಸುವುದರೊಳಗೆ ಇವರ ಮುಖ ಮಾಸಿತು. ಗರ್ಭಗುಡಿಯ ಪಕ್ಕದ ಓಣಿಯಲ್ಲಿ ಇವರ ಕೋಣೆ. ಒಂದು ಕಬ್ಬಿಣದ ಬೀರು, ಕಾಲು ಅಲ್ಲಾಡುವ ಮೇಜು, ಗೋಡೆಗೆ ನೇತುಹಾಕಿದ ಬೀಗದ ಕೈಗಳು, ಕಿಟಕಿಯಾಚೆ ಚಪ್ಪಲಿ ಬಿಡುವ ಜಾಗ. ಮೊದಲ ವಾರವೇ ಮೇಲಿನಿಂದ ಒಂದು ಸುತ್ತೋಲೆ ಬಂತು. ಸರ್ಕಾರ ಎಲ್ಲ ಧರ್ಮದವರಿಗೂ ಸೇರಿದ್ದು, ಆದ್ದರಿಂದ ಕೆಲಸದ ವೇಳೆಯಲ್ಲಿ ಅಧಿಕಾರಿಗಳು ಧಾರ್ಮಿಕ ನಡವಳಿಕೆ ತೋರತಕ್ಕದ್ದಲ್ಲ. ಎಂದರೆ ದೇವಸ್ಥಾನದ ಅಧಿಕಾರಿ ದೇವಸ್ಥಾನದಲ್ಲಿ ದೇವರಿಗೆ ಕೈಮುಗಿಯುವಂತಿಲ್ಲ. ಇವರು ಸುಮ್ಮನೆ ಕೈಕಟ್ಟಿ ನಿಂತರು. ಕೂಡಲೇ ಊರಿನಲ್ಲಿ ಸುದ್ದಿ: "ನೋಡಿದ್ರಾ, ಕೈ ಕೂಡ ಮುಗಿಯಲ್ಲ. ನಾಸ್ತಿಕನ್ನ ತಂದು ಕೂರಿಸಿದಾರೆ."

ಅತ್ತ ದರಿ, ಇತ್ತ ಪುಲಿ. ಇವರು ಒಂದು ಉಪಾಯ ಮಾಡಿದರು. ಗರ್ಭಗುಡಿಯ ಮುಂದೆ ಹಾದುಹೋಗುವಾಗ ಎರಡೂ ಕೈ ಎದೆಯ ತನಕ ಏಳುವುದು, ಒಂದಕ್ಕೊಂದು ತಾಗುವ ಮುಂಚೆ ಬಲಗೈ ಜೇಬಿನ ಪೆನ್ನಿಗೆ, ಎಡಗೈ ಮೂಗಿಗೆ ಹೋಗುವುದು. ಭಕ್ತರಿಗೆ ಅರ್ಧ ನಮಸ್ಕಾರ, ಸರ್ಕಾರಕ್ಕೆ ಅರ್ಧ ನೆಗಡಿ. ನನಗೆ ನೋಡಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

ಕೈಯ ಮಾತು ಹಾಗಿರಲಿ. ಕೆಟ್ಟದ್ದೆಂದರೆ ಕಣ್ಣಿನದು. ಒಂದು ಸಂಜೆ ಊಟಕ್ಕೆ ಕೂತವರು ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿ ಹೇಳಿದರು: "ನೈವೇದ್ಯದ ಹೊತ್ತಲ್ಲಿ ಹಳೇ ಕಂಬದ ಹತ್ರ ಹೋಗಿ ನಿಂತೆ ಕಣೆ. ಪರದೆ ನೋಡಿದ್ರೆ ಅದರ ಉಂಗುರಕ್ಕೆ ತುಕ್ಕು ಹಿಡಿದಿರೋದು ಕಾಣುತ್ತೆ. ಕಣ್ಣು ಮುಚ್ಚಿದ್ರೆ ನಲ್ಲಿ ಸೋರೋದು ಕಾಣುತ್ತೆ. ಕಂಬಕ್ಕೆ ಒರಗಿದ್ರೆ ಸುಣ್ಣ ಉದುರುತ್ತೆ. ಅವನನ್ನ ಬಿಟ್ಟು ಉಳಿದಿದ್ದೆಲ್ಲ ಕಾಣುತ್ತೆ."

ದೇವಸ್ಥಾನ ಸಿಕ್ಕಿತು, ದೇವರು ಕೈತಪ್ಪಿದ. ಅಷ್ಟೇ ನಡೆದದ್ದು. ಆದರೆ ಮೂವತ್ತು ವರ್ಷ ದಿನಾ ಸಂಜೆ ಮಾತಾಡಿಸಿದ ಒಬ್ಬನೇ ಸ್ನೇಹಿತ ಒಂದು ದಿನ ಇದ್ದಕ್ಕಿದ್ದಂತೆ ಕಾಣದಾದರೆ ಮನುಷ್ಯ ಏನಾಗುತ್ತಾನೋ ಹಾಗೆ ಆದರು. ಅತ್ತೆ ಎಂದಿನಂತೆ, "ಸ್ವಾಮಿದು ಊಟ ಆಯ್ತೇನೋ?" ಎಂದು ಕೇಳಿದರೆ, "ನಿಗದಿತ ವೇಳೆಗೆ ಆಗಿದೆ" ಅನ್ನುವರು. ಕೆಲವು ದಿನ ಕೇಳಿ ನೋಡಿದ ಅತ್ತೆ ಕೇಳುವುದನ್ನೇ ಬಿಟ್ಟರು. "ಮಗನ್ನ ಕೇಳಿದ್ರೆ ಕಚೇರಿ ಉತ್ತರ ಕೊಡುತ್ತೆ" ಎಂದು ನನ್ನ ಹತ್ತಿರ ಅಂದರು.

ಈಗ ನೊಂದಣ್ಣನನ್ನು ಪರಿಚಯ ಮಾಡಿಕೊಡಬೇಕು. ಪೇಟೆಯಲ್ಲಿ ಫ್ಲೆಕ್ಸ್ ಬ್ಯಾನರು ಮುದ್ರಿಸುವ ಅಂಗಡಿ ಅವರದು. ಭಕ್ತರ ಭಾವನೆ ಕಾಯುವುದಕ್ಕೆಂದು ಅವರೇ ಒಂದು ಸಮಿತಿ ಮಾಡಿಕೊಂಡು ಅವರೇ ಅದರ ಅಧ್ಯಕ್ಷರೂ ಆಗಿದ್ದರು. ಸದಾಕಾಲ ಅವರ ಮನಸ್ಸು ನೊಂದೇ ಇರುತ್ತಿದ್ದರಿಂದ ಆ ಹೆಸರು ಬಿತ್ತು. ಓಣಿಗೆ ಹೊಸ ಟ್ಯೂಬ್‌ಲೈಟು ಹಾಕಿದರೆ ನೊಂದರು. ಅದು ಕೆಟ್ಟುಹೋದರೆ ಮತ್ತೂ ನೊಂದರು. ನೋವು ಅವರಿಗೆ ಬರೀ ಎದೆಯಲ್ಲಿ ಆಗುತ್ತಿರಲಿಲ್ಲ, ನಾಲ್ಕು ಬಣ್ಣದಲ್ಲಿ, ಕಂಬದಿಂದ ಕಂಬಕ್ಕೆ, ಅವರದೇ ಫೋಟೋ ಸಮೇತ ಆಗುತ್ತಿತ್ತು. ಆ ಬ್ಯಾನರಿಗೆ ಉತ್ತರವಾಗಿ ಇಲಾಖೆಯವರು ಹಾಕುವ ಬ್ಯಾನರೂ ಅವರ ಅಂಗಡಿಯಲ್ಲೇ ಆಗಬೇಕು, ಊರಿಗೆ ಇದ್ದದ್ದು ಅದೊಂದೇ ಮಶೀನು. ಇಷ್ಟೆಲ್ಲ ಇದ್ದರೂ ಮನುಷ್ಯ ಗುಡಿಯ ಒಳಗೆ ಬಂದದ್ದನ್ನು ನೋಡಿದವರು ಕಡಿಮೆ. ಸಾಲು ಉದ್ದ ಇರುತ್ತದಲ್ಲ.

ಒಂದು ದಿನ ದೇವರ ಬೆಳ್ಳಿ ಬಟ್ಟಲು ಕಾಣೆಯಾಯಿತು. ಊರು ಹೊತ್ತಿಕೊಂಡು ಉರಿಯುವಷ್ಟರಲ್ಲಿ ಅದು ಗುಡಿಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ತಳದಲ್ಲಿ ಅನ್ನದ ಜೊತೆ ಸಿಕ್ಕಿತು. ಆದರೆ ಬಟ್ಟಲು ಸಿಕ್ಕಿದ ಸುದ್ದಿ ಮೇಲಿನವರಿಗೆ ತಲುಪುವ ಮುಂಚೆ ಕಳೆದ ಸುದ್ದಿಯ ಮೇಲೆ ಆಜ್ಞೆ ಹೊರಟಾಗಿತ್ತು. ಗರ್ಭಗುಡಿಯ ಒಳಗೆ ಕ್ಯಾಮೆರಾ ಹಾಕತಕ್ಕದ್ದು, ಅದರಲ್ಲಿ ಕಾಣುವುದನ್ನು ಅಧಿಕಾರಿ ತನ್ನ ಕೋಣೆಯ ಟೀವಿಯಲ್ಲಿ ಸದಾ ನೋಡುತ್ತಿರತಕ್ಕದ್ದು, ಎರಡನ್ನೂ ಒಂದು ನಿಮಿಷವೂ ಆರಿಸತಕ್ಕದ್ದಲ್ಲ. ಗರ್ಭಗುಡಿಗೊಂದು, ಹೊರಗಿನ ಮಂಟಪಕ್ಕೆರಡು ಕ್ಯಾಮೆರಾ ಬಂದವು. ಮೇಜಿನ ಮೇಲೆ ಟೀವಿ ಬಂತು.

ಮೊದಲ ಸಂಜೆಯೇ ಅರ್ಚಕರು ಪರದೆ ಎಳೆದರು. ಪರದೆಯ ಈಚೆ ಜನಕ್ಕೆ ಏನೂ ಕಾಣಲಿಲ್ಲ. ಪರದೆಯ ಆಚೆ ದೇವರ ಊಟ ಇವರ ಕೋಣೆಯ ಟೀವಿಯಲ್ಲಿ ಚೆನ್ನಾಗಿ ಕಾಣಿಸಿತು. ಇವರು ಗಾಬರಿಯಾಗಿ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಪೇಟೆ ತುಂಬ ಬ್ಯಾನರು: ‘ದೇವರ ತುತ್ತಿಗೂ ಸರ್ಕಾರದ ಕಣ್ಣು!’ ನೊಂದಣ್ಣ ಗುಡಿಯ ಎದುರು ಶಾಮಿಯಾನ ಹಾಕಿಸಿ, ಫ್ಯಾನು ಇಡಿಸಿಕೊಂಡು ಉಪವಾಸ ಕೂತರು. ಇವರು ಮೇಲಿನವರಿಗೆ ಫೋನು ಮಾಡಿದರೆ ಅಲ್ಲಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ: "ಕ್ಯಾಮೆರಾ ಆರಿಸೋ ಹಾಗಿಲ್ಲ. ಭಾವನೆಗೆ ಧಕ್ಕೆ ಆಗೋ ಹಾಗೂ ಇಲ್ಲ. ನೀವು ಅನುಭವಸ್ಥರು, ನೋಡ್ಕೊಳ್ಳಿ."

ಅವತ್ತು ಇವರಿಗೆ ಊಟ ಸೇರಲಿಲ್ಲ. ನನಗೆ ರೇಗಿತು. "ಅಲ್ರೀ, ಕ್ಯಾಮೆರಾಗೆ ಜೀವ ಇದೆಯಾ? ಅದು ನೋಡಿದ್ರೆ ಏನಾಯ್ತು? ನೋಡಬಾರದ್ದು ಮನುಷ್ಯರು ತಾನೇ? ಅಲ್ಲಿ ದೇವರ ಬಾಗಿಲಿಗೆ ಹ್ಯಾಗೆ ಪರದೆ ಇದೆಯೋ ಹಾಗೆ ಇಲ್ಲಿ ಟೀವಿಗೂ ಒಂದು ಹಾಕಿಬಿಡಿ. ಅವರು ಎಳೆದಾಗ ನೀವೂ ಎಳೀರಿ."

ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಹಾವೂ ಸಾಯಬಾರದು, ಕೋಲೂ ಮುರೀಬಾರದು" ಅಂದರು. ಬಹಳ ದಿನಗಳ ಮೇಲೆ ನಕ್ಕರು.

ಗಿರಾಕಿಯೊಬ್ಬರ ರವಿಕೆಯಲ್ಲಿ ಉಳಿದ ಕೆಂಪು ರೇಷ್ಮೆ ನನ್ನ ಹತ್ತಿರ ಇತ್ತು. ಒಳಗೆ ಲೈನಿಂಗ್ ಕೊಟ್ಟು, ಮೇಲೆ ನೆರಿಗೆ ಹಿಡಿದು, ಕಿಟಕಿಯ ಪರದೆಗೆ ಹಾಕುವ ಸ್ಪ್ರಿಂಗ್ ತಂತಿ ತೂರಿಸಿ ಕೊಟ್ಟೆ. ಅರ್ಚಕರು ಒಳಗೆ ಗಂಟೆ ಬಾರಿಸಿದ ಕೂಡಲೇ ಇವರು ಟೀವಿಯ ಪರದೆ ಎಳೆಯುವುದು, ಮತ್ತೆ ಗಂಟೆಯಾದಾಗ ಸರಿಸುವುದು. ಕ್ಯಾಮೆರಾ ಆರಲಿಲ್ಲವೆಂದು ಇಲಾಖೆಗೆ ಸಮಾಧಾನ. ನೊಂದಣ್ಣ ಬಂದು ಪರದೆಯನ್ನು ಎಳೆದು ಸರಿಸಿ ನೋಡಿ, ಸಮಿತಿಯ ಗೆಲುವು ಎಂದು ಘೋಷಿಸಿ, ಎಳನೀರು ಕುಡಿದು ಉಪವಾಸ ಮುಗಿಸಿದರು. ಗೆಲುವಿಗೂ ಒಂದು ಬ್ಯಾನರಾಯಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ದಿನಗಳಲ್ಲಿ ಇವರಲ್ಲಿ ಏನೋ ಬದಲಾಯಿತು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ನನ್ನ ಮಶೀನಿನ ಪಕ್ಕ ಕೂತು ಸುಮ್ಮಸುಮ್ಮನೆ ನೂಲಿನ ಉಂಡೆ ಸುತ್ತಿಕೊಟ್ಟರು. "ಏನ್ರೀ ಸಮಾಚಾರ?" ಅಂದರೆ, "ಏನಿಲ್ಲ" ಅಂದರು. ಅದು ಏನೂ ಇಲ್ಲದವರ ‘ಏನಿಲ್ಲ’ ಆಗಿರಲಿಲ್ಲ. ಆದರೆ ಕೆದಕಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ನಾನೂ ಸುಮ್ಮನಾದೆ.

ವಿಷಯ ನನಗೆ ಗೊತ್ತಾದದ್ದು ಗಿರಾಕಿಯಿಂದ. ತೋಳಿನ ಅಳತೆ ತೆಗೆಯುತ್ತಿದ್ದೆ, ಆಕೆ ಇನ್ನೊಂದು ಕೈಯಲ್ಲಿ ಫೋನು ಹಿಡಿದು, "ಇದು ನಿಮ್ಮೋರಲ್ವಾ?" ಅಂದಳು. ನೋಡಿದೆ. ಕುಡಿಯುವ ನೀರಿನ ವಿಷಯಕ್ಕೆ ಹೊಸ ನೋವಿನ ಬ್ಯಾನರು ಕಟ್ಟಲು ಬಂದ ನೊಂದಣ್ಣನ ಅಂಗಡಿಯವನು ಕಿಟಕಿಯಿಂದ ತೆಗೆದ ವಿಡಿಯೋ. ಕೋಣೆಯಲ್ಲಿ ಇವರೊಬ್ಬರೇ. ಮೇಜಿನ ಮೇಲೆ ಟೀವಿ, ಟೀವಿಯ ಮೇಲೆ ನಾನು ಹೊಲಿದ ಕೆಂಪು ಪರದೆ ಮುಚ್ಚಿದೆ. ಇವರು ಅದರ ಮುಂದೆ ಎರಡೂ ಕೈ ಸರಿಯಾಗಿ ಜೋಡಿಸಿಕೊಂಡು ನಿಂತಿದ್ದಾರೆ. ತುಟಿ ಅಲ್ಲಾಡುತ್ತಿದೆ. ಕೆಳಗೆ ಬರೆದಿತ್ತು: ‘ದೇವರನ್ನು ಬಿಟ್ಟು ಟೀವಿಗೆ ಪೂಜೆ! ಅಧಿಕಾರಿಯ ಅವತಾರ ನೋಡಿ!’

ಆಕೆಯ ತೋಳಿನ ಅಳತೆ ಮರೆತೇಹೋಯಿತು. ಆ ರವಿಕೆ ಆಮೇಲೆ ಬಿಗಿಯಾಗಿ ವಾಪಸು ಬಂತು.

ಒಂದೇ ದಿನ ಎರಡು ಕಡೆಯಿಂದ ಬೆಂಕಿ. ಕೆಲಸದ ವೇಳೆಯಲ್ಲಿ ಕೈಮುಗಿದಿರಿ, ಅದೂ ಸರ್ಕಾರಿ ಸಾಮಾನಿನ ಮುಂದೆ, ಯಾಕೆ ಎಂದು ಇಲಾಖೆ. ದೇವರಿಗೆ ಸಲ್ಲಬೇಕಾದ ನಮಸ್ಕಾರವನ್ನು ಟೀವಿಗೆ ಕೊಟ್ಟು ಭಕ್ತರ ಭಾವನೆಗೆ ಧಕ್ಕೆ ತಂದಿರಿ ಎಂದು ಸಮಿತಿ. ಎತ್ತು ಏರಿಗೆ, ಕೋಣ ನೀರಿಗೆ ಎಂದು ಬೇರೆ ಬೇರೆ ಕಡೆ ಎಳೆಯುತ್ತಿದ್ದವರು ಇವರನ್ನು ತುಳಿಯುವ ವಿಷಯಕ್ಕೆ ಬಂದಾಗ ಜೋಡಿ ಎತ್ತುಗಳಾದರು. ಬಡ್ತಿಯ ಕಡತ ಅಲ್ಲೇ ನಿಂತಿತು. ವಿಚಾರಣೆಗೆ ಮೇಲಿನಿಂದ ಒಬ್ಬ ಮೇಡಂ ಬರುತ್ತಾರೆ ಎಂದು ಗೊತ್ತಾಯಿತು. ಪರದೆ ಹೊಲಿದವಳೆಂದು ನನಗೂ ಕರೆ ಬಂತು.

ಅವತ್ತು ಆ ಕೋಣೆಯಲ್ಲಿ ಕೂರಲು ಜಾಗ ಸಾಲದೆ ನಾನು ಬೀರುವಿಗೆ ಒರಗಿ ನಿಂತಿದ್ದೆ. ಮೇಜಿನ ಹಿಂದೆ ಮೇಡಂ. ಪಕ್ಕದಲ್ಲಿ ಮುಖ ಗಂಟಿಕ್ಕಿದ ನೊಂದಣ್ಣ. ಬಾಗಿಲ ಬಳಿ ಅರ್ಚಕರು. ಎದುರಿಗೆ ಇವರು, ಅದೇ ಬಿಳಿ ಅಂಗಿಯಲ್ಲಿ. ಒಳಗೆ ಬರುವ ಮುಂಚೆ ಅರ್ಚಕರು ಇವರ ಕಿವಿಯಲ್ಲಿ ಹೇಳಿದ್ದರು, "ಸಾರ್, ಒಂದು ಮಾತು. ಕೈ ಮುಗಿದಿದ್ದಲ್ಲ, ಸೊಳ್ಳೆ ಹೊಡೆದಿದ್ದು ಅಂದ್ಬಿಡಿ. ಎರಡೂ ಕೈ ಸೇರಲೇಬೇಕಲ್ಲ?"

ಮೇಡಂ ವಿಡಿಯೋವನ್ನು ಇನ್ನೊಮ್ಮೆ ನೋಡಿದರು. ಕೆಟ್ಟ ಹೆಂಗಸಲ್ಲ. ಸ್ವರ ತಗ್ಗಿಸಿ, "ಈ ಕೋಣೆಯಲ್ಲಿ ಸೊಳ್ಳೆ ಕಾಟ ಇದೆಯಂತಲ್ಲ?" ಅಂದರು.

"ತುಂಬಾ ಇದೆ ಮೇಡಂ" ಅಂದರು ಅರ್ಚಕರು.

"ಸೊಳ್ಳೆ ಆಗಿದ್ರೆ ಸಮಿತಿಯದೇನೂ ತಕರಾರಿಲ್ಲ" ಅಂದರು ನೊಂದಣ್ಣ. "ಟೀವಿಗೆ ಕೈ ಮುಗಿದಿಲ್ಲ ಅಂತ ಆದ್ರೆ ನಮಗೂ ಸಂತೋಷ. ಸೊಳ್ಳೆಯಿಂದ ಯಾರ ಭಾವನೆಗೂ ಧಕ್ಕೆ ಆಗಲ್ಲ."

ನೋಡಿ, ಇಷ್ಟು ದಿನ ಯಾವ ಒಳ್ಳೆಯ ವಿಷಯಕ್ಕೂ ಒಂದಾಗದ ಸರ್ಕಾರ, ಸಮಿತಿ, ಗುಡಿ ಮೂರೂ ಒಂದು ಸೊಳ್ಳೆಯ ಮೇಲೆ ಒಂದಾದವು. ಇಲ್ಲದ ಆ ಸೊಳ್ಳೆಯ ಬೆನ್ನೇರಿ ಎಲ್ಲರೂ ದಡ ಸೇರಬಹುದಿತ್ತು. ಇವರ ಬಡ್ತಿಯೂ ಸೇರಬಹುದಿತ್ತು. ನಾನೂ ಮನಸ್ಸಿನಲ್ಲೇ, ಅಂದುಬಿಡಿ, ಸೊಳ್ಳೆ ಅಂದುಬಿಡಿ ಅಂತ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಇವರು ಟೀವಿಯ ಕಡೆ ಒಮ್ಮೆ ನೋಡಿದರು. "ಸೊಳ್ಳೆ ಇರಲಿಲ್ಲ ಮೇಡಂ."

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿದೀನಿ. ಕೈ ಮುಗಿದೆ."

"ಟೀವಿಗಾ?"

"ಟೀವಿಗೆ ಯಾಕೆ ಮುಗೀಲಿ?"

"ಮತ್ತೆ ಪರದೆಗಾ?"

"ಅದು ನಮ್ಮನೆಯವಳು ರವಿಕೆ ಹೊಲಿದು ಉಳಿಸಿದ ಬಟ್ಟೆ ಮೇಡಂ. ಒಳಗೆ ಊಟಕ್ಕೆ ಕೂತಿದ್ನಲ್ಲ, ಅವನಿಗೆ ಮುಗಿದೆ. ಈ ಕುರ್ಚಿಗೆ ಬಂದ ಮೇಲೆ ಎಲ್ಲಿ ನೋಡಿದ್ರೂ ಕೆಲಸವೇ ಕಾಣೋದು. ಕಣ್ಣು ಮುಚ್ಚಿದ್ರೂ ಕೆಲಸವೇ. ಈ ಪರದೆ ಎಳೆದಾಗ ಮಾತ್ರ ಏನೂ ಕಾಣಲಿಲ್ಲ. ಮೊದಲು ಹೊರಗೆ ಕಂಬದ ಹತ್ರ ನಿಂತಾಗ ಹ್ಯಾಗಿತ್ತೋ ಹಾಗೇ ಆಯ್ತು. ಕೈ ತಾನಾಗೇ ಎದ್ದವು."

ಮೇಡಂ ಪೆನ್ನು ಕೆಳಗಿಟ್ಟರು. "ಬಡ್ತಿ ಕೇಳ್ಕೊಂಡ್ರಾ?"

"ಇಲ್ಲ. ಊಟ ಆಯ್ತಾ ಅಂತ ಕೇಳಿದೆ."

ಕಿಟಕಿಯಾಚೆ ಯಾರೋ ಚಪ್ಪಲಿ ಹುಡುಕುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅರ್ಚಕರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. ಅಷ್ಟು ವರ್ಷ ದೇವರಿಗೆ ಬಡಿಸಿದವರು ಅವರು. ನನಗೆ ಒಂದು ಕಡೆ ಸಿಟ್ಟು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು. ಇನ್ನೊಂದು ಕಡೆ ಇಂಥವರ ಕೈ ಹಿಡಿದೆನಲ್ಲ ಎಂದು ಎದೆ ತುಂಬಿ ಬಂತು.

ಮೊದಲು ಚೇತರಿಸಿಕೊಂಡವರು ನೊಂದಣ್ಣ. "ಮೇಡಂ, ದೇವರನ್ನ ಅವನು ಇವನು ಅಂತ ಏಕವಚನದಲ್ಲಿ ಮಾತಾಡಿದ್ರು. ಇದನ್ನ ಬರ್ಕೊಳ್ಳಿ. ನಮಗೆ ತುಂಬಾ ನೋವಾಗಿದೆ."

ಮೇಡಂ ಅದನ್ನೂ ಬರೆದುಕೊಂಡರು. ಆದರೂ ಪುಣ್ಯಾತ್ಗಿತ್ತಿ, ಕೊನೆಗೊಂದು ಹಾಳೆಯಲ್ಲಿ ಸೊಳ್ಳೆಯ ವಿಷಯವನ್ನೇ ಬರೆದು ಇವರ ಮುಂದೆ ಸರಿಸಿ, "ಸಹಿ ಹಾಕಿ, ಎಲ್ಲರಿಗೂ ಒಳ್ಳೇದಾಗುತ್ತೆ" ಅಂದರು. ಇವರು ಓದಿದರು. "ನಾನು ಸುಳ್ಳು ತೂಕಕ್ಕೆ ಮುದ್ರೆ ಒತ್ತಿದೋನಲ್ಲ ಮೇಡಂ" ಎಂದು ಹಾಳೆಯನ್ನು ವಾಪಸು ಸರಿಸಿದರು.

ಹೊರಡುವಾಗ ಮೇಡಂ ದೇವರನ್ನು ನೋಡಲು ಹೋದರು. ಮೊದಲು ಕತ್ತೆತ್ತಿ ಮಂಟಪದ ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂದು ನೋಡಿದರು. ಆಮೇಲೆ ಎಡಗಡೆಯ ಮೂಲೆಯ ಕಂಬದ ಮರೆಗೆ ಸರಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಕೈಮುಗಿದರು. ಆ ಕಂಬದ ಮರೆಯೊಂದು ಕ್ಯಾಮೆರಾಗೆ ಕಾಣುವುದಿಲ್ಲ ಎನ್ನುವುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಂತೆ.

ವಾರದೊಳಗೆ ಆದೇಶ ಬಂತು. ಬಡ್ತಿ ಇಲ್ಲ. ಇವರನ್ನು ತೂಕ ಅಳತೆಗೆ ವಾಪಸು ಕಳಿಸಲಾಗಿದೆ.

ಆ ಪರದೆ ಈಗಲೂ ಅಲ್ಲೇ ಇದೆ. ಹೊಸದಾಗಿ ಬಂದ ಅಧಿಕಾರಿ ಅದು ಮಾಸಿದೆ ಎಂದು ತೆಗೆಸಲು ಹೋದರಂತೆ. ನೊಂದಣ್ಣ ಶಾಮಿಯಾನ ಹಾಕಿಸಿಯೇಬಿಟ್ಟರು: ‘ಅನಾದಿ ಕಾಲದಿಂದ ಬಂದ ಸಂಪ್ರದಾಯಕ್ಕೆ ಕೊಡಲಿ ಪೆಟ್ಟು!’ ನಾನು ಕೊಟ್ಟ ಲೈನಿಂಗಿನ ಬಣ್ಣ ಇನ್ನೂ ಬಿಟ್ಟಿಲ್ಲ, ಅಷ್ಟರಲ್ಲಿ ಅದು ಅನಾದಿಯಾಯಿತು. ಈಗ ಮಕ್ಕಳಾಗಲಿ, ಮದುವೆಯಾಗಲಿ ಎಂದು ಹರಕೆ ಹೊತ್ತವರು ಟೀವಿಗೆ ಪರದೆ ಒಪ್ಪಿಸುತ್ತಾರೆ. ಹೊಲಿಸಲು ನನ್ನ ಹತ್ತಿರವೇ ಬರುತ್ತಾರೆ. ಒಮ್ಮೆ ಹಳೆಯದರ ಅಳತೆ ತೆಗೆಯಲು ಹೋದರೆ ಜವಾನ ಬಾಗಿಲಲ್ಲೇ ತಡೆದು, "ಅಮ್ಮಾ, ಮುಟ್ಟಬಾರದು" ಅಂದ. ಯಾರು ಹೊಲಿದದ್ದು ಅಂದುಕೊಂಡಿದ್ದೀಯ ಎಂದು ಕೇಳಬೇಕೆನ್ನಿಸಿತು. ಮತ್ತೆ ಯಾರಿಗೆ ನೋವಾಗುತ್ತದೋ ಎಂದು ಬಾಯಿ ಮುಚ್ಚಿಕೊಂಡು ಬಂದೆ.

ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಇವರು ಆ ಕುರ್ಚಿ ಬಿಟ್ಟ ದಿನದ್ದು.

ಅವತ್ತು ಬೀಗದ ಕೈಗಳನ್ನು ಒಪ್ಪಿಸಿ, ಮೇಜಿನಲ್ಲಿದ್ದ ತಮ್ಮ ಕನ್ನಡಕದ ಡಬ್ಬಿ ತೆಗೆದುಕೊಂಡು ಹೊರಗೆ ಬಂದರು. ನಾನು ಮೆಟ್ಟಿಲ ಬಳಿ ಕಾಯುತ್ತಿದ್ದೆ. ಒಳಗೆ ಗಂಟೆಯಾಯಿತು. ಇವರು ನನ್ನ ಕೈಗೆ ಡಬ್ಬಿ ಕೊಟ್ಟು, ಚಪ್ಪಲಿ ಬಿಟ್ಟು, ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಅಲ್ಲಿಂದ ಮೆಲ್ಲಗೆ ಎಡಗಡೆಯ ಕಂಬಕ್ಕೆ ಸರಿದರು. ಹೆಗಲು ತಾಗಿಸಿದರು. ಸುಣ್ಣ ಅಂಗಿಗೆ ಹತ್ತಿತು, ಒರೆಸಿಕೊಳ್ಳಲಿಲ್ಲ. ಪರದೆ ಮುಚ್ಚಿತ್ತು. ತುಟಿ ಅಲ್ಲಾಡಿದ್ದು ನನಗೆ ಅಲ್ಲಿಂದಲೇ ಕಾಣಿಸಿತು.

ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಡ್ತಿ ಹೋದದ್ದು ಅವರಿಗೆ ಗೊತ್ತಿತ್ತು. ಏನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವಲ್ಲ.

ಇವರೇ ಹೋಗಿ ಮಂಚದ ಅಂಚಿನಲ್ಲಿ ಕೂತು, ತಾಯಿಯ ಮಂಡಿಯ ಮೇಲೆ ಕೈಯಿಟ್ಟರು.

"ಅಮ್ಮಾ, ಸ್ವಾಮಿದು ಊಟ ಆಯ್ತಂತೆ. ನಿನ್ನದಾಯ್ತಾ ಅಂತ ಕೇಳಿದ."

ಅತ್ತೆ ಮಗನ ಹೆಗಲಿನ ಸುಣ್ಣವನ್ನು ಸೆರಗಿನಿಂದ ಒರೆಸಿದರು.

"ಇನ್ನೂ ಇಲ್ಲ ಅಂತ ಹೇಳು ಅವನಿಗೆ" ಅಂದರು. "ಮಗ ಮನೆಗೆ ಬರಲಿ ಅಂತ ಕಾಯ್ತಿದ್ದೆ ಅಂತ ಹೇಳು."

ನಾನು ಒಳಗೆ ಹೋಗಿ ಮೂರು ತಟ್ಟೆ ಹಾಕಿದೆ.